ಸೀಸದ ಹೆಪ್ಪು

ನಮ್ಮಪ್ಪನ ಹತ್ತಿರ ತವರ ಇರಲಿಲ್ಲ. ಸೀಸ ಬೇಕಾದಷ್ಟಿತ್ತು. ಹಳೆಯ ನೀರಿನ ಕೊಳವೆ, ಸತ್ತ ಬ್ಯಾಟರಿಗಳ ತಟ್ಟೆ, ಮೀನು ಬಲೆಯ ಗುಂಡು, ಮುಚ್ಚಿಹೋದ ಅಚ್ಚುಕೂಟದಿಂದ ಯಾರೋ ಚೀಲದಲ್ಲಿ ತಂದು ಮಾರಿದ ಅಕ್ಷರದ ಅಚ್ಚುಮೊಳೆಗಳು, ಎಲ್ಲವೂ ಅಟ್ಟದ ಮೇಲೆ ಬಿದ್ದಿದ್ದವು. ತವರ ಬೆರೆಸದ ಸೀಸದಲ್ಲಿ ಎರಕ ಹೊಯ್ದರೆ ಬಂದೂಕಿನ ಗುಂಡು ಕಪ್ಪಗೆ, ಮಂಕಾಗಿ, ಹೆಗ್ಗಣದ ಹಿಕ್ಕೆಯ ಹಾಗೆ ಕಾಣುತ್ತದೆ. ಗುಡ್ಡಕ್ಕೆ ಅದರಿಂದ ಯಾವ ವ್ಯತ್ಯಾಸವೂ ಇಲ್ಲ. ಕಪ್ಪು ಗುಂಡು ತಗುಲಿದರೂ ಅದು ನಿಲ್ಲುತ್ತದೆ, ಬಿಳಿ ಗುಂಡು ತಗುಲಿದರೂ ನಿಲ್ಲುತ್ತದೆ. ವ್ಯತ್ಯಾಸ ಕಾಣುತ್ತಿದ್ದದ್ದು ನಮ್ಮಪ್ಪ ಓಬಳಪ್ಪನಂಥವರಿಗೆ.

ನಮ್ಮೂರಿಗೆ ಇರುವುದು ಒಂದೇ ಬೀದಿ. ಬೀದಿಯ ಒಂದು ಬದಿಗೆ ಮನೆಗಳು, ಮನೆಗಳ ಹಿಂದೆ ಉದ್ದುದ್ದ ಹಿತ್ತಲು, ಹಿತ್ತಲಿನ ಆಚೆ ಗುಡ್ಡ. ಹೊತ್ತು ಮುಳುಗುವ ಮುಂಚೆ ಪ್ರತಿ ಮನೆಯ ಗಂಡಸೂ ತನ್ನ ಹಿತ್ತಲಲ್ಲಿ ನಿಂತು ಗುಡ್ಡಕ್ಕೆ ಒಂದು ಗುಂಡು ಹೊಡೆಯಬೇಕು. ಹೊಡೆಯದಿದ್ದರೆ ಬೆಳಗಾಗುವಷ್ಟರಲ್ಲಿ ಗುಡ್ಡ ಒಂದು ಮೊಳ ಮುಂದೆ ಬಂದಿರುತ್ತದೆ. ಆ ಒಂದು ಮನೆಯ ಅಗಲಕ್ಕೆ ಸರಿಯಾಗಿ ಬರುತ್ತದೆ, ಪಕ್ಕದವರ ಬೇಲಿ ಮುಟ್ಟುವುದಿಲ್ಲ. ಹಾಗೆ ಬರುವಾಗ ಎತ್ತರವಾಗಿಯೂ ಬರುವುದಿಲ್ಲ. ಮೊಣಕಾಲೆತ್ತರದ ಬಂಡೆಯಾಗಿ, ನಾಲಿಗೆ ಚಾಚಿದಂತೆ, ನೆಲಕ್ಕೆ ಅಂಟಿಕೊಂಡು ಬರುತ್ತದೆ. ಮನೆಯನ್ನು ಪೂರ್ತಿ ಹೊಕ್ಕ ಮೇಲೆಯೇ ಎದ್ದು ನಿಲ್ಲುವುದು. ತಲೆಬಾಗಿಲಿನ ಹೊಸ್ತಿಲಿಗೆ ಬಂದು ನಿಂತುಬಿಡುತ್ತದೆ. ಬೀದಿ ಅದಕ್ಕೆ ಬೇಕಾಗಿಲ್ಲ.

ಗುಂಡನ್ನು ಅಂಗಡಿಯಲ್ಲಿ ಕೊಳ್ಳುವಂತಿಲ್ಲ, ಸಾಲ ತರುವಂತಿಲ್ಲ. ಆಯಾ ಮನೆಯ ಒಲೆಯ ಮೇಲೆ, ಆ ಮನೆಯ ಹೆಪ್ಪು ಹಾಕಿ ಎರಕ ಹೊಯ್ದದ್ದೇ ಆಗಬೇಕು. ಹೆಪ್ಪು ಎಂದರೆ ಮೊಸರಿಗೆ ಇದ್ದಂತೆಯೇ. ಬಾಣಲೆಯ ತಳದಲ್ಲಿ ಪ್ರತಿ ಸಲವೂ ಒಂದು ಸೌಟು ಸೀಸ ಉಳಿಸಿ ಗಟ್ಟಿಯಾಗಲು ಬಿಡುತ್ತಾರೆ. ಮುಂದಿನ ಸಲ ಅದನ್ನೇ ಮೊದಲು ಕರಗಿಸಿ ಅದಕ್ಕೆ ಹೊಸ ಸೀಸ ಕೂಡಿಸುತ್ತಾರೆ. ಮುತ್ತಜ್ಜಿಯ ಮುತ್ತಜ್ಜಿ ಉಳಿಸಿದ ಸೀಸ ಹಾಗೆ ಇವತ್ತಿನ ಗುಂಡಿನಲ್ಲೂ ಇರುತ್ತದಂತೆ. ಹೆಪ್ಪಿಲ್ಲದ ಗುಂಡು ಹಾಕಿ ಬಂದೂಕಿನ ಕುದುರೆ ಎಳೆದರೆ ಸದ್ದಾಗುತ್ತದೆ, ಹೊಗೆ ಬರುತ್ತದೆ, ಗುಂಡು ಮಾತ್ರ ನಳಿಗೆಯ ತುದಿಯಿಂದ ಜಾರಿ ಕಾಲ ಬಳಿ ಬೀಳುತ್ತದೆ.

ಎರಕ ಹೊಯ್ಯುವುದು ಹೆಂಗಸರ ಕೆಲಸ, ಹೊಡೆಯುವುದು ಗಂಡಸರ ಕೆಲಸ. ದಿನಗಟ್ಟಲೆ ಹೊಗೆಯಲ್ಲಿ ಕೂತು ಸೀಸ ಕರಗಿಸುವ ಹೆಂಗಸರ ಒಸಡಿನ ಅಂಚು ನೀಲಿಗಪ್ಪಾಗುತ್ತದೆ, ಹೊಟ್ಟೆ ಹಿಂಡುತ್ತದೆ, ಕೆಲವರಿಗೆ ಮುಂಗೈ ಜೋತುಬೀಳುತ್ತದೆ. ಇದನ್ನು ನಮ್ಮೂರಲ್ಲಿ ರೋಗ ಎನ್ನುವುದಿಲ್ಲ, ಮನೆತನದ ಗುರುತು ಎನ್ನುತ್ತಾರೆ. ನಮ್ಮಮ್ಮ ಆ ಗುರುತನ್ನು ಚೆನ್ನಾಗಿ ಸಂಪಾದಿಸಿಕೊಂಡು ತೀರಿಹೋದಳು. ಆಮೇಲೆ ಬಾಣಲೆ ನಮ್ಮಣ್ಣ ಪಾಲಾಕ್ಷನ ಹೆಂಡತಿ ಹಂಪಕ್ಕನ ಪಾಲಿಗೆ ಬಂತು.

ಗುಂಡು ಹೊಡೆದರೆ ಸಾಕು ಎಂದಿದ್ದಿದ್ದರೆ ಊರು ಹೇಗೋ ಬದುಕುತ್ತಿತ್ತು. ಹೊಡೆಯುವ ಮೊದಲು ಅದನ್ನು ಇಡೀ ದಿನ ಜಗಲಿಯ ಮೇಲೆ ತಟ್ಟೆಯಲ್ಲಿಟ್ಟು ಬೀದಿಗೆ ತೋರಿಸುವ ಪದ್ಧತಿಯೊಂದಿತ್ತು. ತವರ ಬೆರೆತ ಗುಂಡು ಬೆಳ್ಳಿಯಂತೆ ಹೊಳೆಯುತ್ತದೆ, ಅಂಚು ಚೂಪಾಗಿ ಬರುತ್ತದೆ. ಹೊಳೆಯುವ ಗುಂಡಿನ ಮನೆಯವರು ಬೀದಿಯ ನಡುವೆ ನಡೆಯುತ್ತಿದ್ದರು, ಕಪ್ಪು ಗುಂಡಿನ ಮನೆಯವರು ಚರಂಡಿಯ ಪಕ್ಕ. ಸ್ಟೀಲು ಪಾತ್ರೆ ಬಂದ ಮೇಲೆ ಕಲಾಯಿಯವನು ಊರಿಗೆ ಬರುವುದನ್ನು ನಿಲ್ಲಿಸಿದ್ದ, ತವರ ಸಿಗುವುದು ಅವನೊಬ್ಬನ ಹತ್ತಿರವೇ. ಜನ ಅಜ್ಜಿಯರ ಕಾಲದ ತಾಮ್ರದ ತಪ್ಪಲೆಗಳ ಕಲಾಯಿಯನ್ನು ಹೆರೆದು ಬಾಣಲೆಗೆ ಹಾಕತೊಡಗಿದರು. ಕಲಾಯಿ ಹೋದ ತಪ್ಪಲೆಯಲ್ಲಿ ಹುಳಿ ಕಾಯಿಸಿ ಮನೆಮಂದಿಯೆಲ್ಲ ವಾಂತಿ ಮಾಡಿಕೊಂಡರೂ ಜಗಲಿಯ ಮೇಲಿನ ಗುಂಡು ಬೆಳ್ಳಗಿರುತ್ತಿತ್ತು. ನಮ್ಮ ಮನೆಯ ತಪ್ಪಲೆಗಳ ಕಲಾಯಿ ನಾನು ಹುಟ್ಟುವ ಮೊದಲೇ ಮುಗಿದಿತ್ತು.

ನಮ್ಮ ಗೋಡೆಗೆ ಅಂಟಿಕೊಂಡದ್ದು ಚಿಕ್ಕಪ್ಪ ಗಾದ್ರಪ್ಪನ ಮನೆ. ಮೊದಲು ಅದೂ ಇದೂ ಒಂದೇ ಮನೆಯಾಗಿತ್ತು. ಪಾಲಾದಾಗ ಮನೆಯನ್ನು ಉದ್ದಕ್ಕೆ ಸೀಳಿ ನಡುವೆ ಗೋಡೆ ಹಾಕಿದರು. ಬಾವಿಯ ಮೇಲೂ ಗೋಡೆ ಹಾದುಹೋಯಿತು, ಅರ್ಧ ಅವರಿಗೆ, ಅರ್ಧ ನಮಗೆ. ಹೆಪ್ಪನ್ನೂ ಕಡಿದರು. ಉಳಿ ಹಿಡಿದವನು ಚಿಕ್ಕಪ್ಪ, ಸುತ್ತಿಗೆ ಬೀಸಿದವನು ಅಪ್ಪ. ತುಂಡಾದಾಗ ಚಿಕ್ಕಪ್ಪನ ಪಾಲು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾಗಿ ಕಂಡಿತಂತೆ. ಉಳಿಯನ್ನು ಬೇಕೆಂದೇ ಓರೆಯಾಗಿ ಹಿಡಿದ ಎಂದು ಅಪ್ಪ, ಸುತ್ತಿಗೆಯನ್ನು ಕುರುಡನ ಹಾಗೆ ಬೀಸಿದ ಎಂದು ಚಿಕ್ಕಪ್ಪ. ಅವತ್ತು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಒಂದೇ ಬಾವಿಯಲ್ಲಿ ಎರಡು ಕೊಡ ಡಿಕ್ಕಿ ಹೊಡೆದರೂ ಈಚೆಯವರು ಆಚೆಯವರನ್ನು ಮಾತಾಡಿಸುತ್ತಿರಲಿಲ್ಲ.

ಹೋದ ವರ್ಷ ಚಿಕ್ಕಪ್ಪನ ಮಗನಿಗೆ ಹೆಣ್ಣು ಗೊತ್ತಾಗುವ ಹೊತ್ತಿಗೆ ಅವರ ಜಗಲಿಯ ಗುಂಡು ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಬೀದಿಯವರೆಲ್ಲ ಬಂದು ನೋಡಿದರು. ಅದಾದ ಕೆಲವೇ ದಿನಕ್ಕೆ ಚಿಕ್ಕಪ್ಪ ನಮ್ಮ ಕೋಳಿಗಳ ಕಾಟ ಎಂದು ಹೇಳಿ ಹಿತ್ತಲಿನ ಸುತ್ತ ಆಳೆತ್ತರದ ಗೋಡೆ ಎಬ್ಬಿಸಿದ. ನಮ್ಮ ಮನೆಯಲ್ಲಿದ್ದದ್ದು ಒಂದು ಕೋಳಿ, ಅದಕ್ಕೂ ಒಂದು ಕಾಲು ಕುಂಟು. ಗೋಡೆಯ ವಿಷಯಕ್ಕೆ ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಅವನ ನಿದ್ದೆ ಕೆಡಿಸಿದ್ದು ಗುಂಡಿನ ಹೊಳಪು.

ಅಷ್ಟರಲ್ಲಿ ನನಗೂ ಒಂದು ಸಂಬಂಧ ಬಂತು. ಬೀದಿಯ ಮೇಲ್ತುದಿಯ ಬೊಮ್ಮಲಿಂಗಪ್ಪನ ಮಗ. ನಾನು ಹಾಸ್ಟೆಲಿನಲ್ಲಿದ್ದು ಓದಿ ಬಂದವಳು ಎಂಬುದು ಅವರಿಗೆ ಸಣ್ಣ ಕೊರತೆ, ನಮ್ಮ ಗುಂಡು ಕಪ್ಪು ಎಂಬುದು ದೊಡ್ಡ ಕೊರತೆ. ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಜಗಲಿಯ ತಟ್ಟೆ ನೋಡುತ್ತಾರೆ, ಆಮೇಲೆ ಹೊತ್ತಿದ್ದರೆ ಹೆಣ್ಣನ್ನು. ಮದುವೆ ಬೇಡ ಎಂದು ನಾನು ಅಪ್ಪನಿಗೆ ಹೇಳಿದೆ. ಮದುವೆಯ ಮಾತು ಯಾರಾಡಿದರು, ಗುಂಡಿನ ಮಾತು ನಡೆಯುತ್ತಿದೆ ಎಂದು ಅವನು ನಿಜವನ್ನೇ ಹೇಳಿದ.

ಒಂದು ಮಧ್ಯಾಹ್ನ ಅಪ್ಪ ಚಿಕ್ಕಪ್ಪನ ತಿಪ್ಪೆಯನ್ನು ಕೋಲಿನಿಂದ ಕೆದಕಿ ಬಂದ. ಐವತ್ತು ದಾಟಿದ ಗಂಡಸು, ಹೆಗಲ ಮೇಲೆ ಜರಿಯ ಶಲ್ಯ, ಕೈಯಲ್ಲಿ ಕೋಲು, ತಮ್ಮನ ತಿಪ್ಪೆಯಲ್ಲಿ. ಅಲ್ಲಿ ಅವನಿಗೆ ಸಿಕ್ಕಿದ್ದು ಟಾರ್ಚಿನ ಸೆಲ್ಲುಗಳ ಕಾಗದ, ಕರಿಯ ಪುಡಿ, ಇದ್ದಿಲ ಕಡ್ಡಿಗಳು. ಸೆಲ್ಲಿನ ಮೈಯ ತಗಡು ಮಾತ್ರ ಒಂದೂ ಇರಲಿಲ್ಲ. ಗಾದ್ರನ ಗುಟ್ಟು ಸಿಕ್ಕಿತು ಎಂದು ಅಪ್ಪ ಮನೆಗೆ ಬಂದು ಎರಡು ಸಲ ಕಾಫಿ ಕುಡಿದ. ಆಮೇಲೆ ಊರಿನ ಮನೆಮನೆಯಿಂದ ಸತ್ತ ಸೆಲ್ಲುಗಳನ್ನು ಕೇಳಿ ತಂದು, ಒರಳುಕಲ್ಲಿನ ಮೇಲೆ ಕುಟ್ಟಿ ಒಡೆದು, ತಗಡು ಸುಲಿದು, ಬೂದಿ ಹಾಕಿ ಉಜ್ಜಿ ತೊಳೆದ. ಅಂಗಳವೆಲ್ಲ ಮಸಿ. ಅವನ ಮುಖವೂ ಮಸಿ. ತಗಡು ಮಾತ್ರ ಬೆಳ್ಳಗಿತ್ತು.

ಅತ್ತಿಗೆ ಬಾಣಲೆಯ ಮುಂದೆ ಕೂತು ತಗಡನ್ನು ಬಗ್ಗಿಸಿ ನೋಡಿದಳು. "ಮಾವ, ಇದು ತವರಾನೇನಾ?"

"ಬೆಳ್ಳಗೈತೆ, ಬಗ್ತೈತೆ. ಇನ್ನೇನು, ಜಾತಕ ತಂದು ತೋರಿಸ್ಬೇಕಾ ನಿಂಗೆ?"

ಅವಳು ನಕ್ಕು ತಗಡನ್ನು ಬಾಣಲೆಗೆ ಹಾಕಿದಳು. ಅವಳಿಗೂ ಬಿಳಿ ಗುಂಡು ಬೇಕಾಗಿತ್ತು. ಬೀದಿಯ ಕೆಳತುದಿಯ ಅವಳ ತಾಯಿಮನೆಯ ಗುಂಡೂ ಕಪ್ಪು, ಬಂದ ಮನೆಯದೂ ಕಪ್ಪು. ಬಾವಿಕಟ್ಟೆಯಲ್ಲಿ ಚಿಕ್ಕಮ್ಮ ಗೋಡೆಯ ಆಚೆಯಿಂದ ಯಾರಿಗೋ ಹೇಳುವಂತೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡವಳು ಅವಳೇ.

ತವರವಾಗಿದ್ದರೆ ಅದು ಸೀಸಕ್ಕಿಂತ ಮೊದಲೇ ಕರಗಬೇಕಿತ್ತು. ಹೆಪ್ಪು ಕರಗಿತು, ಹೊಸ ಸೀಸ ಕರಗಿತು, ತಗಡು ಮೇಲೆ ತೇಲುತ್ತ ಕೂತಿತು. ಅಪ್ಪ ಒಲೆಗೆ ಸೌದೆ ತುರುಕಿದ. ಪಾಲಾಕ್ಷ ಊದುಕೊಳವೆ ಹಿಡಿದು ಊದಿದ. ಅವನಿಗೆ ಗೊತ್ತಿದ್ದ ಕೆಲಸಗಳಲ್ಲಿ ಅದೊಂದು. ಬಾಣಲೆಯ ತಳ ಕೆಂಪಗಾದ ಮೇಲೆ ತಗಡು ಕರಗಿ ಇಳಿಯಿತು. ಅತ್ತಿಗೆ ಜೇನುಮೇಣದ ಉಂಡೆ ಹಾಕಿ ಕಿಟ್ಟ ತೆಗೆದು ಅಚ್ಚಿಗೆ ಹೊಯ್ದಳು. ಮೊದಲು ಬಂದ ನಾಲ್ಕಾರು ಗುಂಡುಗಳು ಹೊಳೆದವು. ಅಪ್ಪ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬೀದಿಬಾಗಿಲಿಗೆ ಓಡಿದ. ಅವನು ತಿರುಗಿ ಬರುವಷ್ಟರಲ್ಲಿ ಬಾಣಲೆಯಲ್ಲಿದ್ದದ್ದು ಅಂಬಲಿಯಾಗಿತ್ತು. ಸೌಟಿನಿಂದ ಇಳಿಯದು, ಅಚ್ಚಿನೊಳಗೆ ಹೋಗದು. ಮೇಣ ಹಾಕಿದರೂ, ಬೆಂಕಿ ಕೊಟ್ಟರೂ, ಕಿಟ್ಟ ಬಾಚಿದರೂ ಅಷ್ಟೇ. ಆರಿದಾಗ ತಳದಲ್ಲಿ ಸಿಕ್ಕಿದ್ದು ಹಳಸಿದ ಮುದ್ದೆಯಂಥ ಒಂದು ಬೂದು ಗಂಟು. ನಮ್ಮ ಮುತ್ತಜ್ಜಿಯರೆಲ್ಲ ಅದರೊಳಗಿದ್ದರು.

ಅದು ತವರವಲ್ಲ, ಸತು. ಸತು ಹೊಕ್ಕ ಸೀಸ ಮತ್ತೆ ಸೀಸವಾಗುವುದಿಲ್ಲ. ನಮಗೆ ಅದು ಗೊತ್ತಾದದ್ದು ಆಮೇಲೆ, ಗೊತ್ತಾಗಿ ಪ್ರಯೋಜನವಿಲ್ಲದಾಗ.

ಬೊಮ್ಮಲಿಂಗಪ್ಪನ ಕಡೆಯವರು ಮರುದಿನವೇ ಬಂದರು. ಹುಡುಗ ತಟ್ಟೆಯಲ್ಲಿದ್ದ ಗುಂಡನ್ನು ನೋಡಿದಷ್ಟು ಹೊತ್ತು ನನ್ನನ್ನು ನೋಡಲಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಬೊಮ್ಮಲಿಂಗಪ್ಪ ಒಂದು ಗುಂಡನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಗಟ್ಟಿ ಇದೆ ಎಂದು ಮೆಚ್ಚಿದ. ಅಪ್ಪ ಕೂತಲ್ಲೇ ಅರ್ಧ ಗೇಣು ಎತ್ತರವಾದ. ಹೊತ್ತು ಇಳಿಯುತ್ತಿತ್ತು. ಹೇಗೂ ಬಂದಿದ್ದೇವೆ, ಹೊಡೆಯುವುದನ್ನೂ ನೋಡಿಕೊಂಡೇ ಹೋಗುತ್ತೇವೆ ಎಂದು ಎಲ್ಲರೂ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಬಂದರು. ಪಾಲಾಕ್ಷ ಬಂದೂಕು ಎತ್ತಿ ಹೊಡೆದ. ಸದ್ದಾಯಿತು. ಹೊಗೆ ಬಂತು. ಗುಂಡು ನಳಿಗೆಯಿಂದ ಜಾರಿ ಅವನ ಕಾಲ ಮೇಲೆ ಬಿದ್ದು, ಉರುಳಿಕೊಂಡು ಹೋಗಿ ಬೊಮ್ಮಲಿಂಗಪ್ಪನ ಚಪ್ಪಲಿಗೆ ತಾಗಿ ನಿಂತಿತು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ.

"ಬರ್ತೀವಿ ಓಬಳಪ್ನೋರೆ," ಎಂದ. "ಹುಡುಗಿ ಚಂದಾಗವ್ಳೆ."

ಉಪ್ಪಿಟ್ಟು ಹಾಗೇ ಉಳಿಯಿತು. ನಾವೇ ತಿಂದೆವು.

ಅವತ್ತಿನಿಂದ ಗುಡ್ಡ ನಮ್ಮ ಹಿತ್ತಲಿಗೆ ಬರತೊಡಗಿತು. ಮೊದಲು ಬೇಲಿ ಹೋಯಿತು, ಆಮೇಲೆ ನುಗ್ಗೆಮರ, ಆಮೇಲೆ ಬಟ್ಟೆ ಒಗೆಯುವ ಕಲ್ಲು. ಕಲ್ಲಿನ ಮೇಲೆ ಕಲ್ಲು ಬಂದು ಕೂತಿತು. ಪಾಲಾಕ್ಷ ದಿನಾ ಸಂಜೆ ಹೋಗಿ ಉಳಿದ ಬಿಳಿಯ ಗುಂಡುಗಳನ್ನು ಸರದಿಯ ಮೇಲೆ ಹೊಡೆಯುತ್ತಿದ್ದ, ಕಾಲ ಬಳಿಯಿಂದ ಎತ್ತಿಕೊಂಡು ಬರುತ್ತಿದ್ದ. ಯಾಕೆ ಎಂದು ಕೇಳಿದರೆ, ಬೀದಿಯವರಿಗೆ ಸದ್ದು ಕೇಳಲಿ ಎಂದ. ಬೀದಿಯವರಿಗೆ ವಿಷಯ ಬೊಮ್ಮಲಿಂಗಪ್ಪ ಮನೆ ಮುಟ್ಟುವ ಮೊದಲೇ ಗೊತ್ತಾಗಿತ್ತು. ಹಗಲು ಬಂದು ಕನಿಕರ ತೋರಿಸಿ, ಎಷ್ಟು ಮೊಳ ಉಳಿದಿದೆ ಎಂದು ಕಣ್ಣಲ್ಲೇ ಅಳೆದುಕೊಂಡು ಹೋಗುತ್ತಿದ್ದರು.

ಅಪ್ಪ ಹುಡುಕಿದ್ದು ದಾರಿಯನ್ನಲ್ಲ, ತಪ್ಪು ಯಾರದ್ದೆಂಬುದನ್ನು. ಅದು ಅವನಿಗೆ ಬೇಗ ಸಿಕ್ಕಿತು. ಎರಕ ಹೊಯ್ದವಳು ಹಂಪಕ್ಕ. ಅವಳ ಕೈಗುಣ ಸರಿಯಿಲ್ಲ, ಕಪ್ಪು ಗುಂಡಿನ ಮನೆಯಿಂದ ಹೆಣ್ಣು ತಂದದ್ದೇ ತಪ್ಪಾಯಿತು ಎಂದು ಜಗಲಿಯ ಮೇಲೆ ಕೂತು ಬೀದಿಗೆ ಕೇಳುವಂತೆ ಹೇಳಿದ. ಪಾಲಾಕ್ಷ ಪಕ್ಕದಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಅತ್ತಿಗೆ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಕೈಗುಣದ ಮಾತು ಆಮ್ಯಾಲೆ ಆಡಾಣ ಮಾವ. ಇದೇ ಹೆಪ್ಪಿನ ಇನ್ನೊಂದು ಅರ್ಧ ಗ್ವಾಡೆ ಆಚೆ ಐತೆ. ಹೋಗಿ ಒಂದು ಚೂರು ಇಸ್ಕಂಬನ್ನಿ."

ಇದು ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಡದ ಮಾತು. ಅಡಕೆಯಷ್ಟು ಗಾತ್ರದ ಚೂರು ಸಾಕಿತ್ತು. ಒಲೆ ಇನ್ನೂ ನಿಂತಿತ್ತು, ಅಟ್ಟದ ಮೇಲೆ ಸೀಸ ಇತ್ತು. ಒಂದು ಹೊತ್ತಿನ ಎರಕದಲ್ಲಿ ಮನೆ ಉಳಿಯುತ್ತಿತ್ತು. ಒಲೆ ಹೋದರೆ ಮಾತ್ರ ಏನೂ ಮಾಡುವಂತಿರಲಿಲ್ಲ, ಬೇರೆ ಒಲೆಯ ಮೇಲೆ ಹೊಯ್ದ ಗುಂಡು ನಮಗಾಗಿ ಹಾರುವುದಿಲ್ಲ. ಅಪ್ಪ ಶಲ್ಯ ಸರಿಮಾಡಿಕೊಂಡು, ಗಾದ್ರನ ಹೊಸ್ತಿಲು ತುಳಿಯುವುದಕ್ಕಿಂತ ಬಂಡೆಯ ಕೆಳಗೆ ಮಲಗುತ್ತೇನೆ ಎಂದ. ಹೆಬ್ಬೆರಳಿನ ಉಗುರಿನಷ್ಟು ಸೀಸದ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದ.

ಅತ್ತಿಗೆ ತಾನೇ ಹೋದಳು. ನಾನೂ ಜೊತೆಗೆ ಹೋದೆ. ಚಿಕ್ಕಪ್ಪ ನಮ್ಮನ್ನು ಒಳಗೆ ಕರೆಯಲಿಲ್ಲ. ಬಾಗಿಲನ್ನು ಅರ್ಧ ತೆರೆದು ಅದರ ಮಧ್ಯೆ ತಾನೇ ಬಾಗಿಲಿನಂತೆ ನಿಂತುಕೊಂಡ. ಜಗಲಿಯ ತಟ್ಟೆಯಲ್ಲಿ ಅವತ್ತಿನ ಗುಂಡು ಕಣ್ಣು ಚುಚ್ಚುವಂತೆ ಹೊಳೆಯುತ್ತಿತ್ತು. ಅತ್ತಿಗೆ ಸುತ್ತಿ ಬಳಸಿ ಮಾತಾಡಲಿಲ್ಲ, ಒಂದು ಚೂರು ಹೆಪ್ಪು ಕೊಡಿ ಎಂದು ಸೆರಗೊಡ್ಡಿದಳು. ಚಿಕ್ಕಪ್ಪ ಅವಳ ತಲೆಯ ಮೇಲಿಂದ ಬೀದಿಯನ್ನು ನೋಡಿದ.

"ಅಣ್ಣ ಬರ್ಲಿ. ಅವ್ನು ಬಂದು ಬಾಯಿಬಿಟ್ಟು ಕೇಳ್ಲಿ. ಚೂರಲ್ಲ, ಅರ್ಧಾನೇ ಕೊಡ್ತೀನಿ."

ಬೀದಿಯಲ್ಲಿ ನಿಂತವರಿಗೆಲ್ಲ ಅದು ಕೇಳಿಸಿತು. ದೊಡ್ಡ ಮನಸ್ಸು ಎಂದು ಹೊಗಳಿದರು. ನನಗೂ ಒಂದು ಗಳಿಗೆ ಹಾಗೇ ಅನಿಸಿತು.

ಗುಡ್ಡ ಬಚ್ಚಲನ್ನು ತೆಗೆದುಕೊಂಡಿತು. ಬಾವಿಯ ನಮ್ಮ ಅರ್ಧವನ್ನು ತೆಗೆದುಕೊಂಡಿತು. ಅತ್ತಿಗೆ ನೀರಿಗೆ ಬೀದಿಯ ತುದಿಗೆ ಹೋಗತೊಡಗಿದಳು. ಅಡಿಗೆಮನೆಯ ಹಿಂಗೋಡೆ ಒಂದು ಬೆಳಿಗ್ಗೆ ಒಳಗೆ ಉಬ್ಬಿತ್ತು, ಇನ್ನೊಂದು ಬೆಳಿಗ್ಗೆ ಬಿದ್ದಿತ್ತು. ಬಂಡೆ ಗೋಡೆಯ ಮಣ್ಣನ್ನು ಮೂಗಿನಿಂದ ತಳ್ಳಿಕೊಂಡು ಒಲೆಯ ಹತ್ತಿರ ಬಂದು ನಿಂತಿತ್ತು. ಅದಕ್ಕೂ ಒಲೆಗೂ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಇರಲಿಲ್ಲ. ಅತ್ತಿಗೆ ಅವತ್ತು ಅಡಿಗೆ ಮಾಡಲಿಲ್ಲ. ಒಲೆಯನ್ನು ಸಾರಿಸಿ, ಅಟ್ಟದಿಂದ ಸೀಸ ಇಳಿಸಿ, ಹೊಸ ಬಾಣಲೆ ಇಟ್ಟು, ಸೌದೆ ಜೋಡಿಸಿ, ಬೆಂಕಿ ಹಚ್ಚದೆ ಕೂತಳು.

"ಇವತ್ತು ಹೊತ್ತು ಮುಳುಗೋವರ್ಗೂ ಕೂತಿರ್ತೀನಿ ಮಾವ," ಎಂದಳು. "ಹೆಪ್ಪು ತಂದ್ರೆ ಎರಕ ಹೊಯ್ತೀನಿ. ತರ್ದೇ ಇದ್ರೆ ನಮ್ಮವ್ವನ ಮನೆಗೆ ಹೋಗ್ತೀನಿ. ಅಲ್ಲಿ ಗುಂಡು ಕರ್ರಗೈತೆ, ಹಿತ್ಲು ನೆಟ್ಟಗೈತೆ."

ಅಪ್ಪ ಬೆಳಗಿನಿಂದ ಮಧ್ಯಾಹ್ನದವರೆಗೆ ಜಗಲಿಯ ಮೇಲೆ ಕೂತ. ಬಂಡೆಯ ಕೆಳಗೆ ಮಲಗುವ ಮಾತನ್ನು ಅವನು ಆಮೇಲೆ ಆಡಿರಲಿಲ್ಲ. ಬಂಡೆಯನ್ನು ಹತ್ತಿರದಿಂದ ನೋಡಿದ ಮೇಲೆ ಅಂಥ ಮಾತು ಯಾರ ಬಾಯಲ್ಲೂ ಉಳಿಯುವುದಿಲ್ಲ. ಬಿಸಿಲು ವಾಲುವ ಹೊತ್ತಿಗೆ ಎದ್ದು, ಮುಖ ತೊಳೆದು, ಶಲ್ಯ ಹೊದ್ದು, ನನ್ನನ್ನು ಸಾಕ್ಷಿಗೆ ಕರೆದುಕೊಂಡು ಪಕ್ಕದ ಬಾಗಿಲಿಗೆ ನಡೆದ. ಇಡೀ ಬೀದಿ ಕೆಲಸ ಬಿಟ್ಟು ಹೊರಗೆ ಬಂತು. ಇಂಥದ್ದು ಊರಿಗೆ ದಿನಾ ಸಿಗುವುದಿಲ್ಲ.

ಚಿಕ್ಕಪ್ಪ ಬಾಗಿಲು ತೆರೆದು ಅಪ್ಪನನ್ನು ಕಂಡಾಗ ಅವನ ಮುಖದಲ್ಲಿ ಗೆದ್ದವನ ಕಳೆ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಹೆದರಿಕೆ. ಅಣ್ಣ ಬರುತ್ತಾನೆ ಎಂದು ಅವನು ಎಣಿಸಿಯೇ ಇರಲಿಲ್ಲ. ಅಪ್ಪ ಬೀದಿಗೆ ಕೇಳುವಂತೆ, ಹೆಪ್ಪು ಕೊಡು ಗಾದ್ರಾ ಎಂದು ಕೇಳಿದ. ಚಿಕ್ಕಪ್ಪ ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡ. ನಾನೂ ನುಗ್ಗಿದೆ. ಬಾಗಿಲು ಮುಚ್ಚಿತು.

ಒಳಗೆ ಮನೆ ಇರಲಿಲ್ಲ. ಪಡಸಾಲೆ ಇತ್ತು, ಅದರ ಮೂಲೆಯಲ್ಲಿ ಮೂರು ಇಟ್ಟಿಗೆ ಹೂಡಿ ಚಿಕ್ಕಮ್ಮ ಅನ್ನಕ್ಕಿಟ್ಟಿದ್ದಳು. ಪಡಸಾಲೆಯ ಹಿಂದೆ ಅಡಿಗೆಮನೆ ಇರಬೇಕಾದ ಕಡೆ ಬಂಡೆ ಇತ್ತು. ಬಾಗಿಲ ಚೌಕಟ್ಟಿನ ಅಗಲವನ್ನೆಲ್ಲ ತುಂಬಿಕೊಂಡು, ದನ ಗೊಂತಿನಿಂದ ಮುಖ ಚಾಚುವಂತೆ, ಈಚೆಗೆ ಬಂದಿತ್ತು. ಚಿಕ್ಕಮ್ಮ ಅದರ ಮೇಲೆ ಪಾತ್ರೆ ಬೋರಲು ಹಾಕಿದ್ದಳು. ಮಗನ ಮದುವೆಗೆ ಮುಂಚೆ ಬಾಣಲೆಗೆ ಬಿದ್ದ ಸತು, ನಮ್ಮದು ಕೆಡುವುದಕ್ಕಿಂತ ಕೆಲವೇ ವಾರ ಮೊದಲು, ಅವರ ಹೆಪ್ಪನ್ನೂ ಕೆಡಿಸಿತ್ತು. ಗೋಡೆ ಎಬ್ಬಿಸಿದ್ದು ಅದಕ್ಕೆ. ಜಗಲಿಯ ಮೇಲೆ ದಿನಾ ಹೊಳೆಯುತ್ತಿದ್ದದ್ದು ಬರೀ ಸತುವಿನ ಗುಂಡು, ಸಂಜೆ ಗೋಡೆಯ ಒಳಗೆ ಸದ್ದು ಮಾಡಿ ಕಾಲ ಬಳಿ ಬೀಳುತ್ತಿದ್ದದ್ದೂ ಅದೇ. ಹೊಸ ಸೊಸೆ ಬಂದ ವಾರಕ್ಕೇ ವಿಷಯ ತಿಳಿದು ಗಂಡನನ್ನೂ ಕರೆದುಕೊಂಡು ತನ್ನ ತವರಿಗೆ ಹೋಗಿ ಕೂತಿದ್ದಳಂತೆ. ಹರಕೆ ಇದೆ, ಅದಕ್ಕೇ ಹೋಗಿದ್ದಾರೆ ಎಂದು ಚಿಕ್ಕಮ್ಮ ಬಾವಿಕಟ್ಟೆಯಲ್ಲಿ ಹೇಳಿದ್ದಳು.

ಅಪ್ಪ ಬಂಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದ. ಚಿಕ್ಕಪ್ಪ ಕಂಬ ಹಿಡಿದುಕೊಂಡು ನಿಂತಿದ್ದ.

"ನನ್ ತಿಪ್ಪೆ ಕೆದಕ್ತಿದ್ದಲ್ಲ, ನೋಡ್ದೆ," ಎಂದ. "ಕಿಟಕೀಲಿ ನಿಂತು ನೋಡ್ದೆ."

"ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ನೀನು ಒಂದು ಮಾತು ಕೇಳ್ಬಾರ್ದಾಗಿತ್ತಾ?"

ಇಪ್ಪತ್ತು ವರ್ಷದಲ್ಲಿ ಅಣ್ಣತಮ್ಮಂದಿರು ಆಡಿದ ಮಾತು ಇಷ್ಟು. ಆಮೇಲೆ ಅಪ್ಪ, ಉಳಿಯನ್ನು ಓರೆಯಾಗಿ ಹಿಡಿದದ್ದು ನಿಜವೋ ಸುಳ್ಳೋ ಈಗಲಾದರೂ ಹೇಳು ಎಂದ. ಚಿಕ್ಕಪ್ಪ ಸುತ್ತಿಗೆಯ ವಿಷಯ ತೆಗೆದ. ಬೆನ್ನ ಹಿಂದೆ ಬಂಡೆ, ಮೂಲೆಯಲ್ಲಿ ಉಕ್ಕುತ್ತಿದ್ದ ಅನ್ನ, ಇವರಿಬ್ಬರೂ ಹೆಬ್ಬೆರಳಿನ ಉಗುರು ತೋರಿಸಿ ತೋರಿಸಿ ಜಗಳಕ್ಕೆ ನಿಂತರು. ಚಿಕ್ಕಮ್ಮ ಅನ್ನ ಬಸಿಯುತ್ತ, ಬೀದಿಯವರಿಗೆ ಹೇಳಬೇಡ ಎಂದು ನನ್ನನ್ನು ಕೇಳಿಕೊಂಡಳು. ನಾನು ಬಾಗಿಲು ತೆರೆದು ಹೊರಗೆ ಬಂದೆ. ಬಾಗಿಲನ್ನು ಮುಚ್ಚಲಿಲ್ಲ. ಹೊರಗೆ ನಿಂತಿದ್ದವರು ಇಣುಕಿದರು, ಹೇಳುವ ಕೆಲಸ ತಪ್ಪಿತು.

ಅತ್ತಿಗೆ ನನ್ನ ಖಾಲಿ ಕೈ ನೋಡಿ ಒಲೆಯ ಮುಂದಿನಿಂದ ಎದ್ದಳು. ಬಟ್ಟೆಯ ಗಂಟು ಮೊದಲೇ ಕಟ್ಟಿತ್ತು. ಆಚೆ ಮನೆಯ ಸಂಗತಿ ಹೇಳಿದೆ. ಅವಳು ಬಾಣಲೆಯನ್ನು ಕವುಚಿ ಹಾಕಿ, ಸೌದೆ ಒಣಗಿದೆ, ಯಾರಿಗಾದರೂ ಕೊಡು ಎಂದಳು. ಪಾಲಾಕ್ಷ ಬಾಗಿಲವರೆಗೆ ಬಂದು, ಬೇಗ ಬಂದುಬಿಡು ಎಂದ. ಎಲ್ಲಿಗೆ ಬರಬೇಕು ಎಂದು ಅವಳು ಕೇಳಿದಳು. ಅವನು ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದ. ಬೀದಿಯ ನಡುವೆಯೇ ನಡೆದುಕೊಂಡು ಅವಳು ಕೆಳತುದಿಗೆ ಹೋದಳು.

ಒಲೆ ಆ ರಾತ್ರಿಯೇ ಹೋಯಿತು. ಮಳೆಗಾಲ ಹಿಡಿಯುವ ಮೊದಲು ಗುಡ್ಡ ಎರಡೂ ಹೊಸ್ತಿಲಿಗೆ ಬಂದು, ಪದ್ಧತಿಯಂತೆ ಎದ್ದು ನಿಂತಿತು. ಅಪ್ಪ ಮತ್ತು ಚಿಕ್ಕಪ್ಪ ಈಗ ಶಾಲೆಯ ಜಗಲಿಯಲ್ಲಿ, ಎರಡು ತುದಿಯಲ್ಲಿ, ಮಲಗುತ್ತಾರೆ. ಊರಿನ ಹೆಂಗಸರು ನಮ್ಮ ಮನೆಯಿದ್ದ ಬಂಡೆಯ ಮೇಲೆ ಸಂಡಿಗೆ ಒಣಗಿಸುತ್ತಾರೆ, ಬಿಸಿಲು ಚೆನ್ನಾಗಿ ಬೀಳುತ್ತದಂತೆ. ಟಾರ್ಚಿನ ಸೆಲ್ಲಿಗೆ ಊರಲ್ಲಿ ಗಿರಾಕಿ ಇನ್ನೂ ಕಡಿಮೆಯಾಗಿಲ್ಲ. ನಾನು ಹಾಸ್ಟೆಲಿರುವ ಊರಿಗೆ ಕೆಲಸ ಕೇಳಿಕೊಂಡು ಹೊರಟಾಗ ಬೊಮ್ಮಲಿಂಗಪ್ಪ ಬಸ್ಸಿನ ಹತ್ತಿರ ಬಂದು, ಒಟ್ಟು ಎಷ್ಟು ನಷ್ಟವಾಯಿತಮ್ಮ ಎಂದು ವಿಚಾರಿಸಿದ. ಹೇಳಿದೆ. ಎರಡು ಮನೆ, ಎರಡು ಹಿತ್ತಲು, ಎರಡು ಒಲೆ, ಒಂದು ಬಾವಿ, ಒಂದು ನುಗ್ಗೆಮರ, ಒಂದು ಕುಂಟು ಕೋಳಿ, ಇಬ್ಬರು ಸೊಸೆಯಂದಿರು.